ಎಡಗಣ್ಣಿನ ಕೆಳಗಿನ ಸುಳಿ

“ಲೋ, ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನಿಗೆ ಎಡ ಯಾವ್ದು ಬಲ ಯಾವ್ದು ಅಂತ್ಲೂ ಗೊತ್ತಿಲ್ವೋ, ಇಲ್ಲಾ ಇಲ್ಲಿರೋರೆಲ್ಲ ಕುರುಡ್ರು ಅಂದ್ಕೊಂಡ್ಯೋ?”

ಹನುಮಂತಯ್ಯನವರು ಕೂಗಿ ಹೇಳಿದ್ದಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ಮನೆಯ ಆಳಿಗೆ ನೀರು ತಾ ಅನ್ನುವ ದನಿಯಲ್ಲೇ ಹೇಳಿದ್ದು. ಆದರೂ ಆರತಿ ತಟ್ಟೆ ಹಿಡಿದು ನಿಂತಿದ್ದ ಸೊಸೆಯರಿಗೆ ಕೇಳಿಸಿತು, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ನೆಂಟರಿಗೆ ಕೇಳಿಸಿತು, ಆಚೆ ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದವರಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ಆ ನಗು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು.

ಸಂಪತ್‌ನ ಕೈಯಲ್ಲಿ ಕುದುರೆಯ ಹಗ್ಗವಿತ್ತು. ಅದಿಲ್ಲದಿದ್ದರೆ ಆ ಕೈ ಏನು ಮಾಡುತ್ತಿತ್ತೋ ಅವನಿಗೇ ಗೊತ್ತಿಲ್ಲ.

ಕೆಂಗೇರಿ ದಾಟಿದ ಮೇಲೆ ಹನುಮಂತಯ್ಯನವರದೊಂದು ತೋಟದ ಮನೆ. ಗೌರಿಯನ್ನು ಆ ಮನೆಗೆ ತುಂಬಿಸಿಕೊಳ್ಳುವ ದಿನ ಅದು. ಗೌರಿ ಅಂದರೆ ಕಂದು ಬಣ್ಣದ ಹೆಣ್ಣು ಕುದುರೆ. ಬಾಗಿಲು ಮುಚ್ಚಿದ ರೈಡಿಂಗ್ ಸ್ಕೂಲೊಂದರಲ್ಲಿ ಕೆಲಸವಿಲ್ಲದೆ ನಿಂತಿತ್ತು. ಮೊಮ್ಮಗಳು ದಿವ್ಯಳಿಗೆ ಕುದುರೆ ಬೇಕು ಅಂತ ಹನುಮಂತಯ್ಯನವರು ಹುಡುಕುತ್ತಿದ್ದರು, ಸಂಪತ್ ಇಬ್ಬರನ್ನೂ ಜೋಡಿಸಿದ್ದ. ಲಾಯಕ್ಕೆ ಸುಣ್ಣ ಬಳಿದಿದ್ದರು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಆದರೆ ಆ ಮನೆಯಲ್ಲೊಂದು ಪದ್ಧತಿ. ಹಸುವೇ ಆಗಲಿ ಕುದುರೆಯೇ ಆಗಲಿ, ಒಳಗೆ ಕಾಲಿಡುವ ಮೊದಲು ಅದರ ಸುಳಿಯನ್ನು ಹಿರಿಯರೊಬ್ಬರು ಕೈಯಿಂದ ಮುಟ್ಟಿ ನೋಡಬೇಕು. ಸುಳಿ ಅಂದರೆ ಮೈಕೂದಲು ಗುಂಡಗೆ ಸುತ್ತಿಕೊಂಡು ನಿಂತ ಜಾಗ, ನಮ್ಮ ನೆತ್ತಿಯಲ್ಲಿ ಇರುತ್ತದಲ್ಲ, ಅಂಥದ್ದೇ. ಬಲಗಣ್ಣಿನ ಕೆಳಗಿದ್ದರೆ ಆ ಕುದುರೆ ಲಕ್ಷ್ಮಿ. ಎಡಗಣ್ಣಿನ ಕೆಳಗಿದ್ದರೆ ಅದು ಹೊಕ್ಕ ಮನೆಯಲ್ಲಿ ಹೆಂಗಸರ ಕಣ್ಣೀರು ಒಣಗುವುದಿಲ್ಲ. ಹಾಗಂತ ಆ ಮನೆತನದವರು ನಂಬಿದ್ದರು.

ನೋಡುವುದಕ್ಕೆ ಬಂದಿದ್ದವರು ರೇವಣಸಿದ್ದಯ್ಯ ಎಂಬ ಮುದುಕರು. ಹಿಂದಿನ ವಾರವೇ ಇವರು ಗೌರಿಯ ವಿಡಿಯೋವನ್ನು ಹನುಮಂತಯ್ಯನವರ ಮನೆಯ ದೊಡ್ಡ ಟಿವಿಯಲ್ಲಿ ನೋಡಿ, “ಬಲಗಡೆ ಐತೆ, ಕಣ್ಮುಚ್ಕೊಂಡ್ ತಗೊಳ್ಳಿ” ಅಂದಿದ್ದರು. ಈಗ ಹೆಬ್ಬೆರಳಿಗೆ ಅರಿಶಿನ ಹಚ್ಚಿಕೊಂಡು ಗೌರಿಯ ಬಲಗಣ್ಣಿನ ಕೆಳಗೆ ಸವರಿದರು. ಏನೂ ಸಿಗಲಿಲ್ಲ. ಎಡಕ್ಕೆ ಬಂದರು. ಬೆರಳು ಅಲ್ಲೇ ನಿಂತಿತು. ಆರತಿಯ ಬತ್ತಿ ಉರಿಯುತ್ತಿದ್ದ ಹಾಗೇ ಉರಿಯುತ್ತಿತ್ತು, ಒಬ್ಬರೂ ತಟ್ಟೆ ಎತ್ತಲಿಲ್ಲ.

“ಸಾರ್, ಒಂದ್ ನಿಮ್ಷ ಸಾರ್,” ಎಂದು ಸಂಪತ್ ಜೇಬಿನಿಂದ ಫೋನು ತೆಗೆದ. “ಇದೇ ವಿಡಿಯೋ ನಿಮಗ್ ಕಳ್ಸಿದ್ದು. ಇಲ್ ನೋಡಿ, ನನ್ ಟೀ ಶರ್ಟ್ ಮೇಲಿರೋ ಅಕ್ಷರ ಉಲ್ಟಾ ಕಾಣ್ತಿದೆ. ಅವತ್ತು ಒಬ್ನೇ ಇದ್ದೆ. ಒಂದ್ ಕೈಲಿ ಹಗ್ಗ, ಒಂದ್ ಕೈಲಿ ಫೋನು. ಸೆಲ್ಫಿ ಕ್ಯಾಮೆರಾದಲ್ಲಿ ತೆಗ್ದಿದೀನಿ. ಕನ್ನಡೀಲಿ ನೋಡ್ದಂಗೆ ಎಡ ಬಲ ಆಗ್ಬಿಟ್ಟಿದೆ. ಬೇಕೂಂತ ಮಾಡಿದ್ದಲ್ಲ ಸಾರ್.”

ಹನುಮಂತಯ್ಯನವರು ಫೋನು ಈಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಪಕ್ಕದವರಿಗೆ ತೋರಿಸಿದರು. ಅದು ಶಾಮಿಯಾನವೆಲ್ಲ ಸುತ್ತಿ ವಾಪಸ್ಸು ಬಂತು.

“ಓಹೋ,” ಅಂದರು. “ಹಂಗಾದ್ರೆ ಹೆಂಗ್ ತಿರುಗ್ಸೋದು ಅಂತ ಚೆನ್ನಾಗೇ ಗೊತ್ತು ನಿಂಗೆ. ನಾನು ದಡ್ಡ ಅಂದ್ಕೊಂಡಿದ್ದೆ ಕಣೋ. ನೀನು ಕಳ್ಳ.”

ಈ ಸಲ ಎಲ್ಲರೂ ಬಾಯಿಬಿಟ್ಟೇ ನಕ್ಕರು.

ಸಂಪತ್ ತಲೆ ಎತ್ತಿದ. ಸೊಸೆಯರ ಹಿಂದೆ ರೇಷ್ಮೆ ಲಂಗ ಉಟ್ಟು ದಿವ್ಯ ನಿಂತಿದ್ದಳು. ಜ್ಞಾನಭಾರತಿಯಲ್ಲಿ ಓದುವ ಹುಡುಗಿ, ಯಾವುದಕ್ಕೂ ಫಟ್ಟನೆ ಉತ್ತರ ಕೊಡುವವಳು. ಅವಳು ಅವನನ್ನು ನೋಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ರಂಗೋಲಿಯ ಗೆರೆಯೊಂದನ್ನು ಅಳಿಸುತ್ತಿದ್ದಳು.

ಸುಳಿ ಯಾವ ಕಡೆ ಇದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಆ ಗಳಿಗೆಯಲ್ಲಿ ಅದು ಅವನ ತಲೆಗೆ ಹೊಳೆಯಿತು.

*

ಟೆಂಪೋದಲ್ಲಿ ಗೌರಿಯನ್ನು ವಾಪಸ್ಸು ತರುವಾಗ ದುಂಡಪ್ಪ ಹಿಂದೆ ಅದರ ಜೊತೆಗೇ ನಿಂತಿದ್ದ. ಗೋಕಾಕದ ಕಡೆಯಿಂದ ಬಂದವನು, ಶೆಡ್ಡಿನಲ್ಲಿ ಕುದುರೆಗಳನ್ನು ನೋಡಿಕೊಳ್ಳುವವನು. ಕೆಂಗೇರಿಯ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಕಿಂಡಿಯಿಂದ ಮುಖ ತೂರಿಸಿ ಹೇಳಿದ:

“ಅಲ್ಲೋ ತಮ್ಮಾ, ಕುದ್ರಿಗಿ ಎಡಾ ಬಲಾ ಏನ್ ತಿಳಿತೈತಿ? ಮುಂದ ಕಚ್ಚತೈತಿ, ಹಿಂದ ಒದಿತೈತಿ. ಅಷ್ಟ ನೋಡು ಅದರ ಶಾಸ್ತ್ರ.”

ಸಂಪತ್ ನಗಲಿಲ್ಲ.

“ಊಟ ಮಾಡ್ಸೇ ಕಳಸ್ತಾರ ಅನ್ಕೊಂಡಿದ್ನಿ,” ಎಂದ ದುಂಡಪ್ಪ. “ಹೋಳಗಿ ವಾಸನಿ ಮೂಗಿನಾಗ ಇನ್ನೂ ಐತಿ.”

“ಸುಮ್ನಿರಣ್ಣ ಸ್ವಲ್ಪ.”

ಸಂಪತ್ ಓದು ಬಿಟ್ಟದ್ದು ದಡ್ಡತನದಿಂದಲ್ಲ. ಅಪ್ಪ ಸತ್ತ ವರ್ಷ ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಬಿಡುವವನೊಬ್ಬನ ಹತ್ತಿರ ಸೇರಿಕೊಂಡ. ಬ್ಯಾಂಡಿನ ಸದ್ದಿಗೆ ಬೆದರುವ ಕುದುರೆಗೆ ಕಿವಿಯಲ್ಲಿ ಹತ್ತಿ ತುರುಕುವುದನ್ನು ಕಲಿತ. ಕಾಲು ಸೋತ ಕುದುರೆಯನ್ನು ಅಂಥವರು ಎಲ್ಲಿಗೋ ಕಳಿಸಿಬಿಡುತ್ತಾರೆ, ಎಲ್ಲಿಗೆ ಅಂತ ಕೇಳಬಾರದು, ಅದನ್ನೂ ಕಲಿತ. ಕೇಳಬಾರದು ಅನ್ನುವುದನ್ನೇ ಅವನಿಗೆ ಸಹಿಸಲು ಆಗಲಿಲ್ಲ. ಕೇಳಿದ. ಕೆಲಸ ಹೋಯಿತು.

ಆಮೇಲೆ ಶುರುವಾದದ್ದು ‘ಕುದುರೆಗೊಂದು ಮನೆ’. ಒಂದು ಫೋನು, ಒಂದು ಪೇಜು, ಎದೆಯ ಮೇಲೆ ಅದೇ ಹೆಸರು ಅಚ್ಚು ಹಾಕಿಸಿದ ಒಂದು ಟೀ ಶರ್ಟು. ಯಾರಿಗೆ ಕುದುರೆ ಬೇಡವಾಗಿದೆಯೋ ಅವರು ಕಳಿಸುತ್ತಿದ್ದರು, ಯಾರಿಗೆ ಬೇಕೋ ಅವರು ಕೇಳುತ್ತಿದ್ದರು, ಇವನು ನಡುವೆ ನಿಂತು ಹೊಂದಿಸುತ್ತಿದ್ದ. ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಮೊದಲು ಹೋಗಿ ಮನೆ ನೋಡಿ ಬರುತ್ತಿದ್ದ. ನೆಲ ಸಿಮೆಂಟೋ ಮಣ್ಣೋ, ದೀಪಾವಳಿಯಲ್ಲಿ ಪಟಾಕಿ ಹೊಡೆಯುವವರು ಪಕ್ಕದಲ್ಲಿದ್ದಾರೋ, ಯಜಮಾನರು ಊರಿಗೆ ಹೋದರೆ ಹುರುಳಿ ಹಾಕುವವರು ಯಾರು, ಎಲ್ಲ ಕೇಳುತ್ತಿದ್ದ. ಹೆಣ್ಣು ಕೊಡೋರು ಕೂಡ ಇಷ್ಟು ವಿಚಾರಿಸಲ್ಲ ಅಂತ ಜನ ನಗುತ್ತಿದ್ದರು, ನಕ್ಕರೂ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಯಾಕೆಂದರೆ ಪೇಜಿನ ತಲೆಯ ಮೇಲೆ ಒಂದು ಸಾಲಿತ್ತು: ‘ಇದ್ದದ್ದು ಇದ್ದ ಹಾಗೆ ತೋರಿಸ್ತೀವಿ. ಹೊಂದಲಿಲ್ಲ ಅಂದ್ರೆ ನಾವೇ ವಾಪಸ್ ಕರ್ಕೊಂಡ್ ಬರ್ತೀವಿ.’

ಅವನಿಗೆ ಇದ್ದದ್ದು ಈ ಮಾತೊಂದೇ. ಅಪ್ಪನ ಆಸ್ತಿಯಿಲ್ಲ, ಮಾರ್ಕ್ಸ್ ಕಾರ್ಡಿಲ್ಲ, ಬೆನ್ನ ಹಿಂದೆ ನಿಲ್ಲುವ ಅಣ್ಣತಮ್ಮಂದಿರಿಲ್ಲ. ಸಂಪತ್ ಹೇಳಿದರೆ ಅದು ನಿಜ. ಅಷ್ಟನ್ನು ಕಟ್ಟಿಕೊಳ್ಳುವಷ್ಟರಲ್ಲಿ ಅವನ ಮೀಸೆ ದಪ್ಪವಾಗಿತ್ತು.

*

ಶೆಡ್ಡು ಇದ್ದದ್ದು ಜ್ಞಾನಭಾರತಿಯ ಆಚೆ, ಉಲ್ಲಾಳದ ಕಡೆ ಹೋಗುವ ದಾರಿಯ ಒಂದು ಖಾಲಿ ಸೈಟಿನಲ್ಲಿ. ಸೈಟು ಅವನ ಸೋದರಮಾವ ಕೆಂಪಯ್ಯನದು. ಮೂಡಲಪಾಳ್ಯದಲ್ಲಿ ತಾಯಿ ಮಗ ಇದ್ದ ಮಹಡಿ ಮನೆಯೂ ಕೆಂಪಯ್ಯನದೇ. ಸಂಪತ್‌ನ ತಾಯಿ ವೆಂಕಟಲಕ್ಷ್ಮಮ್ಮ ಒಂದಾನೊಂದು ಕಾಲದಲ್ಲಿ ಅಣ್ಣ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದರು. ಹೊಲಗಳೆಲ್ಲ ಸೈಟುಗಳಾದವು, ತಂಗಿಗೆ ಮೇಲಿನ ಮನೆ ಸಿಕ್ಕಿತು, ಇರುವಷ್ಟು ದಿನ.

ಶೆಡ್ಡಿನಲ್ಲಿ ಗೌರಿಯ ಜೊತೆಗೆ ಇನ್ನೂ ಎರಡು ಇದ್ದವು. ಮಂಡಿ ಊದಿದ ಒಂದು ಮುದಿ ಬಿಳಿ ಕುದುರೆ, ಕಂಡವರನ್ನೆಲ್ಲ ಕಚ್ಚಲು ಬರುವ ಒಂದು ಗಿಡ್ಡ ಕುದುರೆ. ಹನುಮಂತಯ್ಯನವರ ದುಡ್ಡನ್ನು ಸಂಪತ್ ಅವತ್ತು ಮಧ್ಯಾಹ್ನವೇ ವಾಪಸ್ಸು ಕಳಿಸಿಬಿಟ್ಟ. ರೈಡಿಂಗ್ ಸ್ಕೂಲಿನವರಿಗೆ ಫೋನು ಮಾಡಿದರೆ, “ನಾವು ಜಾಗಾನೇ ಖಾಲಿ ಮಾಡಿದೀವಲ್ಲಪ್ಪ, ಎಲ್ಲಿ ಕಟ್ಟೋಣ, ನಮ್ಮ ಬಾಲ್ಕನೀಲಾ?” ಅಂದರು.

ಗೌರಿಗೆ ನೀರಿಟ್ಟು, ಗೋಡೆಗೆ ಒರಗಿ ಅವನು ದಿವ್ಯಳಿಗೆ ಫೋನು ಮಾಡಿದ.

ಮೂರು ವಾರದ ಕೆಳಗೆ ಅವಳು ಗೆಳತಿ ರಮ್ಯಳ ಸ್ಕೂಟರಿನಲ್ಲಿ ಈ ಶೆಡ್ಡಿಗೆ ಬಂದಿದ್ದಳು. ಆಮೇಲೆ ಒಬ್ಬಳೇ ಬಂದಳು. ಕಾಲೇಜು ಮುಗಿಸಿಕೊಂಡು ಬರುವುದು, ಗೌರಿಯ ಜೂಲು ಬಾಚುವುದು, ಬೆಲ್ಲ ತಿನ್ನಿಸುವುದು. “ಮನೇಲಿ ನಾನ್ ಬಂದಿದ್ದು ಗೊತ್ತಾಗೋದ್ ಬೇಡ. ತಾತನಿಗೆ ನೀವೇ ವಿಡಿಯೋ ಕಳ್ಸಿ, ಆಮೇಲೆ ನಾನು ಹಠ ಹಿಡೀತೀನಿ,” ಎಂದಿದ್ದಳು. ಒಂದು ದಿನ ಗೌರಿಯ ಮುಖ ಒರೆಸುತ್ತ, “ಇವಳ ಎಡಗಣ್ಣಿನ ಕೆಳಗೆ ನೋಡಿ ಸಂಪತ್, ಕಡ್ಡೀಲಿ ಯಾರೋ ಸೊನ್ನೆ ಬರ್ದಂಗಿದೆ,” ಎಂದಿದ್ದಳು. “ಅದೇನೋ ಸುಳಿಯಂತೆ, ನಾನ್ ಅವೆಲ್ಲ ನೋಡಲ್ಲ,” ಎಂದಿದ್ದ ಇವನು. ನೋಡದೇ ಇದ್ದದ್ದಕ್ಕೇ ವಿಡಿಯೋದಲ್ಲಿ ಅದು ಬಲಕ್ಕೆ ಹೋಗಿದ್ದೂ ಇವನ ಕಣ್ಣಿಗೆ ಬೀಳಲಿಲ್ಲ.

“ನಿಮಗೆ ಗೊತ್ತಿತ್ತು,” ಎಂದ ಫೋನಿನಲ್ಲಿ.

“ಹೂಂ.” ಆ ಕಡೆ ನಲ್ಲಿಯ ನೀರು ಸುರಿಯುವ ಸದ್ದು. ಬಚ್ಚಲುಮನೆಯಲ್ಲಿ ನಿಂತು ಮಾತಾಡುತ್ತಿದ್ದಳು. “ಟಿವೀಲಿ ಹಾಕಿದಾಗ್ಲೇ ಗೊತ್ತಾಯ್ತು. ರೇವಣಸಿದ್ದಯ್ಯ ತಾತ ಬಲಗಡೆ ಅಂದ್ರು. ನಾನು ಸುಮ್ನಾದೆ.”

“ಯಾಕ್ರೀ?”

“ಹೇಳಿದ್ರೆ ಗೌರಿ ನಂಗ್ ಸಿಗ್ತಿರ್ಲಿಲ್ಲ. ಮುಟ್ ನೋಡೋದು ಪದ್ಧತಿ ನಿಜ, ಆದ್ರೆ ಈ ಸಲಾನೂ ನೋಡ್ತಾರೆ ಅಂತ ಯಾರಿಗ್ ಗೊತ್ತಿತ್ತು? ವಿಡಿಯೋ ನೋಡಿದಾರಲ್ಲ, ಮುಗೀತು ಅಂದ್ಕೊಂಡೆ.”

“ಎಲ್ರ ಮುಂದೆ ನನ್ನ ಕಳ್ಳ ಅಂದ್ರು ದಿವ್ಯಾ. ಅಲ್ಲೇ ನಿಂತಿದ್ರಿ ನೀವು. ಹೋಗಿ ಹೇಳ್ಲಾ ನಿಮ್ಮ ತಾತನಿಗೆ? ನಿಮ್ಮ ಮೊಮ್ಮಗಳು ಶೆಡ್ಡಿಗೆ ಬಂದು ತಮ್ಮ ಕೈಯಾರೆ ಮುಟ್ಟಿ ನೋಡಿದಾರೆ, ನಾನ್ ಬಚ್ಚಿಟ್ಟಿದ್ದು ಏನೂ ಇಲ್ಲ ಅಂತ?”

ಆ ಕಡೆ ನಲ್ಲಿಯ ಸದ್ದು ಇನ್ನೂ ಜೋರಾಯಿತು.

“ಹೇಳಿ,” ಎಂದಳು. “ಒಬ್ಳೇ ಹೋಗ್ತಿದ್ಲಾ ಅಂತ ಮೊದ್ಲು ಕೇಳ್ತಾರೆ. ಅಲ್ಲಿಗೆ ಸುಳಿ ಮಾತು ಮುಗ್ದೋಗುತ್ತೆ. ನನ್ನ ಕಾಲೇಜ್ ಬಿಡಿಸ್ತಾರೆ. ನಿಮ್ಮನ್ನ ನನ್ ಮಾವಂದಿರು ಏನ್ ಮಾಡ್ತಾರೆ ಅಂತ ನನಗಿಂತ ನಿಮಗೇ ಚೆನ್ನಾಗ್ ಗೊತ್ತು.”

ಹೆದರಿಸುವ ದನಿಯಲ್ಲ ಅದು. ಸಂಜೆ ಮಳೆ ಬರಬಹುದು ಅನ್ನುವ ಹಾಗೆ ಹೇಳಿದಳು. ಅದಕ್ಕೇ ಅವನ ಮೈಯೆಲ್ಲ ಉರಿದು ಹೋಯಿತು. ಅವನ ಬಾಯಲ್ಲಿದ್ದ ಒಂದೇ ಒಂದು ನಿಜ, ಅದನ್ನು ಆಡಿದ ತಕ್ಷಣ ಬೇರೆ ಏನೋ ಆಗಿ ಕೇಳಿಸುತ್ತದೆ. ಒಂದು ಹುಡುಗಿ, ಒಂದು ಶೆಡ್ಡು, ಸ್ಕೂಲು ಬಿಟ್ಟ ಒಬ್ಬ ಹುಡುಗ. ಕುದುರೆ ಯಾರಿಗೂ ಕಾಣಿಸುವುದಿಲ್ಲ.

ಫೋನು ಗೋಡೆಗೆ ಎಸೆಯುವುದಕ್ಕೆ ಕೈ ಎತ್ತಿದ. ಎತ್ತಿದ ಕೈ ಇಳಿಸಿದ. ಅವನ ಅಂಗಡಿಯೆಲ್ಲ ಆ ಫೋನಿನಲ್ಲೇ ಇತ್ತು.

*

ಕೆಂಪಯ್ಯ ಮಾರನೆಯ ದಿನ ಬೆಳಗ್ಗೆ ಮಹಡಿ ಹತ್ತಿ ಬಂದ. ಬಿಳಿ ಪಂಚೆ, ಕೈಯಲ್ಲಿ ಕಾರಿನ ಕೀ. ತಂಗಿ ಕೊಟ್ಟ ಕಾಫಿಯನ್ನು ಸೊರ್ರೆಂದು ಕುಡಿದು ಲೋಟ ಕೆಳಗಿಟ್ಟ.

“ಹನುಮಂತಯ್ಯನ ಮುಂದೆ ನಾನ್ ಮುಖ ಎತ್ತೋ ಹಂಗಿಲ್ಲ ಕಣಮ್ಮ. ನಮ್ಮುಡ್ಗ ಒಳ್ಳೇನು, ಅವನ ಹತ್ರಾನೇ ತಗೋ ಅಂತ ಹೇಳ್ದೋನು ನಾನು. ಸೊಸೈಟಿ ಎಲೆಕ್ಷನ್ನು ಮುಂದೈತೆ. ಅವರ ಮನೇಲಿರೋ ಓಟು ಎಣ್ಸಕ್ಕೆ ನನ್ ಕೈ ಬೆರಳು ಸಾಲಲ್ಲ.”

“ಮಾವ, ನಾನ್ ಮೋಸ ಮಾಡಿಲ್ಲ.”

“ಮಾಡಿದ್ಯೋ ಬಿಟ್ಯೋ, ಯಾವನಿಗ್ ಬೇಕೋ ಅದು? ಅವರು ಕೇಳೋದು ಒಂದೇ. ಭಾನುವಾರ ಶೆಡ್ಡಿನ ಹತ್ರ ಬರ್ತಾರೆ. ಅವರ ಮುಂದೆ ನಿಂತ್ಕೊಂಡು, ಬೇಕಂತ್ಲೇ ಸುಳಿ ಮುಚ್ಚಿಟ್ಟೆ, ಮೋಸ ಮಾಡ್ದೆ, ತಪ್ಪಾಯ್ತು ಅಂತ ವಿಡಿಯೋ ಮಾಡು. ಅದ್ನ ನಿನ್ ಪೇಜಿಗೇ ಹಾಕು. ಅಲ್ಲಿಗೆ ಮುಗೀತು.”

“ಅಲ್ಲಿಗೆ ನಾನೇ ಮುಗ್ದೋದೆ ಮಾವ. ಪೇಜ್ ಇರೋದೇ ಆ ಮಾತಿನ ಮೇಲೆ. ಇನ್ಯಾವನು ನನ್ನ ನಂಬಿ ಕುದುರೆ ಕೊಡ್ತಾನೆ?”

“ಕೊಡ್ದಿದ್ರೆ ಬಿಡ್ಲಿ. ಡ್ರೈವಿಂಗ್ ಕಲಿ, ಟ್ಯಾಕ್ಸಿ ಓಡ್ಸು. ಇದೂ ಒಂದು ಕಸುಬೇನೋ? ಕುದುರೆಗ್ ವರ ಹುಡ್ಕೋದು!” ಕೆಂಪಯ್ಯ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಆಗಲ್ಲ ಅಂದ್ರೆ ಸೈಟ್ ಖಾಲಿ ಮಾಡು, ಭಾನುವಾರ ಸಾಯಂಕಾಲದೊಳಗೆ. ಮೂರೂ ಹೊಡ್ಕೊಂಡ್ ಎಲ್ಲಿಗ್ ಹೋಗ್ತೀಯೋ ಹೋಗು.”

ವೆಂಕಟಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಅಣ್ಣ ಇಳಿದು ಹೋದ ಮೇಲೆ ಒಳಗೆ ಬಂದು ಲೋಟ ಎತ್ತಿಕೊಂಡರು.

“ಒಂದ್ ಮಾತ್ ಅಂದ್ಬಿಡೋ. ಮಾತ್ನಿಂದ ಮೈಗೇನ್ ಗಾಯ ಆಗುತ್ತಾ?”

“ನೀನೂ ಹಂಗೇ ಅಂದ್ಕೊಂಡು ಸಹಿ ಹಾಕ್ದೆ ಅಲ್ವೇನಮ್ಮ?”

ಅಂದಮೇಲೆ ಅವನಿಗೇ ಕೆಡುಕೆನಿಸಿತು. ತಾಯಿ ಲೋಟವನ್ನು ಮೂರು ಮೂರು ಸಲ ತೊಳೆದರು.

ಅವತ್ತಿನಿಂದ ಭಾನುವಾರದವರೆಗೂ ಸಂಪತ್ ಸುತ್ತಿದ. ಗೆಳೆಯ ಅರುಣ್ ಕುಮಾರ್‌ನ ಬೈಕು ಇಸಕೊಂಡು ತಾವರೆಕೆರೆ ಕಡೆ ಹೋಗಿ ಬಂದ, ದೊಡ್ಡಾಲದ ಮರದ ಕಡೆ ಹೋಗಿ ಬಂದ. ಕೋಳಿ ಫಾರಂ ಇದ್ದ ಕಡೆ ವಾಸನೆ, ಕುದುರೆ ತಿನ್ನುವುದಿಲ್ಲ. ಗೋಡೌನ್ ಇದ್ದ ಕಡೆ ಮಾಲೀಕ, “ಕುದುರೆನಾ? ಗುರು, ನಂಗೆ ಬಾಡಿಗೆ ಬೇಕು, ಲದ್ದಿ ಅಲ್ಲ,” ಎಂದ. ಒಂದು ಜಾಗ ಎಲ್ಲ ಸರಿಯಾಗಿತ್ತು, ಮಣ್ಣಿನ ನೆಲ, ಬೇವಿನ ಮರ, ಬೋರ್‌ವೆಲ್. ಯಜಮಾನರೂ ಒಳ್ಳೆಯವರೇ. ಹೊರಡುವಾಗ ಅವರು ಮೆಲ್ಲಗೆ ಕೇಳಿದರು:

“ಆ ಎಡಗಣ್ಣಿಂದು ಇದ್ಯಂತಲ್ಲ, ಅದೂ ಬರುತ್ತಾ ಜೊತೇಲಿ?”

ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಬೈಕು ಸ್ಟಾರ್ಟ್ ಮಾಡುವಾಗ ಅವನು ಯಾರಿಗೂ ಅಲ್ಲದ ಒಂದು ಕೆಟ್ಟ ಬೈಗುಳ ಬೈದ. ಯಜಮಾನರು ತಮಗೇ ಅಂದುಕೊಂಡು ಗೇಟು ಹಾಕಿಕೊಂಡರು.

*

ಭಾನುವಾರ ಹನುಮಂತಯ್ಯನವರು ಎರಡು ಕಾರಿನಲ್ಲಿ ಬಂದರು. ಕೆಂಪಯ್ಯ ಅವರಿಗೆ ಕುರ್ಚಿ ಹಾಕಿಸಿದ, ಎಳನೀರು ತರಿಸಿದ. ಗಿಡ್ಡ ಕುದುರೆ ಕುರ್ಚಿಯ ಕಡೆ ಕತ್ತು ಚಾಚಿ ಹಲ್ಲು ತೋರಿಸಿತು. “ಇದ್ಯಾಕೋ ನಿನ್ನಂಗೇ ಗುರ್ ಅಂತೈತಲ್ಲೋ,” ಎಂದು ಕೆಂಪಯ್ಯ ಅಳಿಯನ ಬೆನ್ನು ತಟ್ಟಿದ. ಎಲ್ಲರೂ ನಕ್ಕರು. ಹನುಮಂತಯ್ಯನವರೂ ನಕ್ಕರು. ನಗುವಾಗ ಅವರು ಕೆಟ್ಟವರ ಹಾಗೆ ಕಾಣುತ್ತಿರಲಿಲ್ಲ, ಅದೇ ಸಂಪತ್‌ಗೆ ಇನ್ನೂ ಸಂಕಟ.

“ಅವತ್ತು ಸ್ವಲ್ಪ ಜಾಸ್ತೀನೇ ಅಂದ್ಬಿಟ್ಟೆ ಕಣಯ್ಯ,” ಎಂದರು. “ಆದ್ರೆ ಹೆಣ್ಮಕ್ಕಳಿರೋ ಮನೆ. ನನ್ ದೊಡ್ ಮಗಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಂಥಾದ್ರಲ್ಲಿ ಈ ಕುದುರೆ ಬಾಗ್ಲಿಗ್ ಬಂದು ನಿಂತ್ರೆ ಎದೆ ಧಸಕ್ ಅನ್ನಲ್ವಾ? ನೀನೇ ಹೇಳು.”

ಸಂಪತ್‌ಗೆ ಅದು ಗೊತ್ತಿರಲಿಲ್ಲ. ತೀರಿಕೊಂಡ ಆ ಮಗಳು ದಿವ್ಯಳ ತಾಯಿ ಇರಬೇಕು ಎಂದು ಲೆಕ್ಕ ಹಾಕಿದ. ಬೈಯಬೇಕು ಅಂದುಕೊಂಡಿದ್ದ ಮನುಷ್ಯ ಕೈಯಿಂದ ಜಾರಿಹೋದ. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು?

ಕೆಂಪಯ್ಯ ತನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. “ಹೂಂ, ಹೇಳು.”

“ನಮಸ್ಕಾರ. ನಾನು ಸಂಪತ್. ಗೌರಿ ಅನ್ನೋ ಕುದುರೆ ವಿಡಿಯೋದಲ್ಲಿ ಒಂದು ತಪ್ಪಾಗಿದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದಕ್ಕೆ ಎಡ ಬಲ...”

“ನಿಲ್ಸು ನಿಲ್ಸು. ಕ್ಯಾಮೆರಾ ಗೀಮೆರಾ ಬೇಡ. ಬೇಕಂತ್ಲೇ ಮಾಡ್ದೆ ಅನ್ನು.”

ಎರಡನೇ ಸಲ ಮುಖ ಗಂಟು ಹಾಕಿಕೊಂಡಿದ್ದಾನೆ ಅಂತ ನಿಲ್ಲಿಸಿದ. ಮೂರನೇ ಸಲ ದುಂಡಪ್ಪ ಹಿಂದಿನಿಂದ ಬಕೆಟ್ಟು ಹಿಡಿದು ಅಡ್ಡ ಬಂದ. ಬೇಕೆಂದೇ ಬಂದನೋ ಏನೋ. “ಏ, ಆಚೆ ಹೋಗಯ್ಯ!” ಎಂದು ಕೆಂಪಯ್ಯ ಗದರಿದ. “ಕುದ್ರಿ ನೀರ್ ಕೇಳಾಕತ್ತೈತಿ ಸಾವ್ಕಾರ್ರ. ಅದಕ್ಕ ಶೂಟಿಂಗ್ ತಿಳಿಯಂಗಿಲ್ರಿ,” ಎಂದ ದುಂಡಪ್ಪ.

ಸಂಪತ್ ಸೈಟಿನ ಕಡೆ ಒಂದು ಸಲ ಕಣ್ಣು ಹಾಯಿಸಿದ. ಬಿಳಿ ಕುದುರೆ ನೋವಿನ ಕಾಲನ್ನು ಮೇಲೆತ್ತಿ ಮೂರು ಕಾಲಲ್ಲಿ ನಿಂತಿತ್ತು. ತಗಡಿನ ಶೀಟಿನ ಕೆಳಗೆ ಗೌರಿ ಬಾಯಾಡಿಸುತ್ತಿತ್ತು. ಸಾಯಂಕಾಲದೊಳಗೆ ಇವನ್ನು ಹೊಡೆದುಕೊಂಡು ಮೈಸೂರು ರಸ್ತೆಯಲ್ಲಿ, ಮೆಟ್ರೋ ಕಂಬಗಳ ಕೆಳಗೆ, ಬಸ್ಸುಗಳ ಹಾರನ್ನಿನ ನಡುವೆ ನಿಲ್ಲುವುದನ್ನು ಅವನು ಕಣ್ಣ ಮುಂದೆ ತಂದುಕೊಂಡ. ನಾಲ್ಕನೇ ಸಲಕ್ಕೆ ಅಂದುಬಿಟ್ಟ.

“ಗೌರಿಗೆ ಎಡಗಣ್ಣಿನ ಕೆಳಗೆ ಸುಳಿ ಇರೋದು ನನಗೆ ಗೊತ್ತಿತ್ತು. ಬೇಕಂತಲೇ ಮರೆಮಾಡಿದೆ. ಮೋಸ ಮಾಡಿದೆ. ತಪ್ಪಾಯ್ತು.”

ಅವನ ದನಿ ಅವನಿಗೇ ಪಕ್ಕದ ಮನೆಯಿಂದ ಕೇಳಿಸಿದ ಹಾಗಿತ್ತು.

“ಅಷ್ಟೇ ಕಣೋ,” ಎಂದ ಕೆಂಪಯ್ಯ. ವಿಡಿಯೋವನ್ನು ಅವನಿಗೆ ಕಳಿಸಿದ. ಪೇಜಿಗೆ ಹಾಕಬೇಕಾದವನು ಅವನೇ. ಎಲ್ಲರೂ ನೋಡುತ್ತಿರುವಾಗಲೇ ಹೆಬ್ಬೆರಳು ಒತ್ತಿದ. ಹನುಮಂತಯ್ಯನವರು ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ,” ಅಂದರು. ಆ ಕೈಯನ್ನು ಕೊಡವಿ ಎಸೆಯಬೇಕು ಅನ್ನಿಸಿತು. ತಲೆ ತಗ್ಗಿಸಿ ನಿಂತಿದ್ದ.

*

ಎರಡು ದಿನ ಫೋನು ಕಣಜದ ಗೂಡಾಯಿತು. ‘ಎಡಬಲ ಸಂಪತ್’ ಅಂತ ಒಬ್ಬ ಬರೆದ, ಅದಕ್ಕೆ ಎಷ್ಟೋ ಜನ ನಗುವ ಮುಖ ಹಾಕಿದರು. ಮೊದಲು ಇವನಿಂದ ಕುದುರೆ ತೆಗೆದುಕೊಂಡವರು ಈಗ ಅವುಗಳ ಮೈಯೆಲ್ಲ ತಡವಿ ನೋಡಿ ಫೋಟೋ ಕಳಿಸತೊಡಗಿದರು. ‘ಇದೇನಪ್ಪ ಹೊಟ್ಟೆ ಹತ್ರ? ಇದೂ ನಿನಗೆ ಗೊತ್ತಿತ್ತಾ?’ ರಾಮನಗರದ ಕಡೆಯ ಒಬ್ಬರು ಎರಡು ಕುದುರೆ ಕೊಡುತ್ತೇವೆ ಅಂದಿದ್ದವರು ಬೇಡ ಅಂದರು. ಬಿಳಿ ಕುದುರೆಗೆ ಒಂದು ಮನೆ ಹೆಚ್ಚುಕಡಿಮೆ ಗೊತ್ತಾಗಿತ್ತು, ಬಸವೇಶ್ವರನಗರದ ಶೈಲಾ ಆಂಟಿ ತಮ್ಮ ಮಾಗಡಿಯ ತೋಟದಲ್ಲಿ ಕಟ್ಟಿಕೊಳ್ಳುವುದಾಗಿ ಹೇಳಿದ್ದರು. ಅವರು ಬೈಯಲಿಲ್ಲ. ‘ಸಾರಿ ಕಣಪ್ಪ, ಮನೇಲಿ ಒಪ್ತಿಲ್ಲ’ ಎಂದು ಬರೆದು, ಕೈ ಮುಗಿದ ಚಿತ್ರ ಹಾಕಿದ್ದರು. ಬೈದವರಿಗೆಲ್ಲ ತಿರುಗಿ ಬೈದಿದ್ದ ಸಂಪತ್ ಇದನ್ನು ಓದಿ ಫೋನು ಮಗುಚಿಟ್ಟ.

ಮೂರನೆಯ ದಿನ ಯಾರೂ ಏನೂ ಕಳಿಸಲಿಲ್ಲ. ಬೈಗುಳಕ್ಕಿಂತ ಅದು ಕೆಟ್ಟದ್ದಾಗಿತ್ತು.

ಆ ಸಂಜೆ ದಿವ್ಯ ಬಂದಳು. ಬಾಗಿಲಾಚೆ ಸ್ಕೂಟರಿನ ಮೇಲೆ ರಮ್ಯ ಕಾಲೂರಿ ಕೂತು ಫೋನು ನೋಡುತ್ತಿದ್ದಳು. ದಿವ್ಯ ಕಾಲೇಜು ಬ್ಯಾಗಿನಿಂದ ಬೆಲ್ಲದ ಪೊಟ್ಟಣ ತೆಗೆದಳು. ಗೌರಿ ಅವಳ ವಾಸನೆ ಹಿಡಿದು ಮೆಲ್ಲಗೆ ಕೆನೆಯಿತು. ಸಂಪತ್ ಹುಲ್ಲಿನ ಹೊರೆ ಬಿಚ್ಚುತ್ತಿದ್ದವನು ಬಿಚ್ಚುತ್ತಲೇ ಇದ್ದ.

“ನನ್ನ ಹೆಸರು ತರ್ಲಿಲ್ಲ ನೀವು,” ಎಂದಳು. “ಥ್ಯಾಂಕ್ಸ್ ಸಂಪತ್. ನಿಜವಾಗ್ಲೂ. ನಿಮ್ ಜಾಗದಲ್ಲಿ ನಾನಿದ್ದಿದ್ರೆ ಹೇಳ್ಬಿಡ್ತಿದ್ದೆ.”

ಅವನು ಹುಲ್ಲು ಕೊಡವಿದ. ಧೂಳು ಎದ್ದಿತು.

“ತಾತ ಈಗ ಎಷ್ಟೋ ಸಮಾಧಾನವಾಗಿದಾರೆ. ಊಟ ಮಾಡ್ತಿದಾರೆ. ಅಮ್ಮ ಹೋದ್ಮೇಲೆ ಅವರು ಸರಿಯಾಗ್ ಊಟಾನೇ ಮಾಡ್ತಿರ್ಲಿಲ್ಲ, ಗೊತ್ತಾ? ಹುಡುಗ ತಪ್ಪು ಒಪ್ಕೊಂಡ, ದೊಡ್ ಮನುಷ್ಯ ಅಂತ ಎಲ್ರ ಹತ್ರ ಹೇಳ್ಕೊಂಡ್ ಬರ್ತಿದಾರೆ.”

ಗೌರಿ ಅವಳ ಅಂಗೈ ನೆಕ್ಕಿತು. ದಿವ್ಯ ಅದರ ಹಣೆಗೆ ತನ್ನ ಹಣೆಯನ್ನು ಒತ್ತಿ ನಿಂತಳು. ಎಡಗಣ್ಣಿನ ಕೆಳಗಿನ ಆ ಗುಂಡನೆಯ ಜಾಗವನ್ನು ಬೆರಳಿನಿಂದ ಸವರಿದಳು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಆ ಕುದುರೆಯ ಹತ್ತಿರ ನಿಂತಾಗ ಮಾತ್ರ ಅವಳಿಗೆ ಉಸಿರು ಸಲೀಸಾಗಿ ಆಡುತ್ತದೆ ಅನ್ನುವುದು ಯಾರಿಗಾದರೂ ಕಾಣುತ್ತಿತ್ತು, ಸಂಪತ್‌ಗೂ ಕಂಡಿತು. ಅವನು ಮನೆ ಹುಡುಕುವಾಗ ಹುಡುಕುತ್ತಿದ್ದದ್ದು ಇಂಥವರನ್ನ. ಇವಳಿಗಿಂತ ಸರಿಯಾದ ಒಡತಿ ಗೌರಿಗೆ ಸಿಗುತ್ತಿರಲಿಲ್ಲ. ಅವನ ಲೆಕ್ಕ ತಪ್ಪಿರಲಿಲ್ಲ.

“ಒಂದ್ ಕೇಳ್ಲಾ?” ಎಂದಳು ದಿವ್ಯ, ಹಣೆ ಎತ್ತದೆ. “ಇನ್ಮೇಲೆ ಇವಳನ್ನ ಯಾರೂ ತಗೊಳಲ್ಲ ಅಲ್ವಾ? ಆ ವಿಡಿಯೋ ಎಲ್ರೂ ನೋಡಿದಾರೆ.”

ಸಂಪತ್‌ನ ಕೈ ನಿಂತಿತು.

“ಅಂದ್ರೆ ಇಲ್ಲೇ ಇರ್ತಾಳೆ. ಒಂಥರಾ ಒಳ್ಳೇದೇ ಆಯ್ತೇನೋ. ಮನೇಲಿದ್ದಿದ್ರೆ ಮಾವಂದಿರು ಹತ್ತೋಕೆ ಬಿಡ್ತಿದ್ರೋ ಇಲ್ವೋ. ಇಲ್ಲಾದ್ರೆ ನಾನು ಕಾಲೇಜ್ ಮುಗಿಸ್ಕೊಂಡು ದಿನಾ ಬರ್ಬೋದು. ರಮ್ಯನೂ ಬರ್ತಾಳೆ ಜೊತೇಲಿ, ಒಬ್ಳೇ ಬರಲ್ಲ. ಹುರುಳಿ, ಬೂಸಾ ಎಲ್ಲ ನಾನೇ ತರ್ತೀನಿ.” ಈಗ ತಿರುಗಿ ಅವನನ್ನು ನೋಡಿದಳು. ಕಣ್ಣು ತುಂಬಿತ್ತು, ಆದರೆ ಖುಷಿಯೂ ಇತ್ತು. “ಅವಳನ್ನ ಎಲ್ಲಿಗೂ ಕಳಿಸ್ಬೇಡಿ ಸಂಪತ್. ನೀವೂ ಎಲ್ಲಿಗೂ ಹೋಗಲ್ಲ ತಾನೇ?”

ಅವನ ಬಾಯಿಗೆ ಎಷ್ಟೊಂದು ಮಾತು ಒಟ್ಟಿಗೇ ಬಂದವು. ಅಮ್ಮನಿಗೆ ಅಂದದ್ದಕ್ಕಿಂತ ಕೆಟ್ಟವು, ಬೇವಿನ ಮರದ ಮನೆಯ ಮುಂದೆ ಅಂದದ್ದಕ್ಕಿಂತ ಕೆಟ್ಟವು. ಯಾವುದನ್ನು ಅಂದರೂ ಅದು ಅವಳ ಕಡೆಗೆ ಹೋಗಿ, ಅವಳನ್ನು ದಾಟಿ, ಎಲ್ಲೋ ಬಿದ್ದು ಮತ್ತೆ ಅವನ ತಲೆಗೇ ಬರುತ್ತಿತ್ತು. ಎಲ್ಲಿಗೂ ಹೋಗಲ್ಲ. ಎಲ್ಲಿಗೆ ಹೋಗುತ್ತಾನೆ?

“ನಾಳೆ ಬರ್ಲಾ?” ಎಂದಳು ದಿವ್ಯ.

ದುಂಡಪ್ಪ ನೀರಿನ ತೊಟ್ಟಿಯ ಹತ್ತಿರ ನಿಂತು ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡುತ್ತಿದ್ದ. ಸಂಪತ್ ಅಂಗೈಗೆ ಅಂಟಿದ್ದ ಹುಲ್ಲನ್ನು ಪ್ಯಾಂಟಿಗೆ ಒರೆಸಿಕೊಂಡ. ಗೌರಿಯ ಮುಂದೆ ಹೊರೆಯನ್ನು ಕಾಲಿನಿಂದ ಸರಿಸಿದ. ಆಮೇಲೆ ಅವಳ ಪಕ್ಕದಿಂದ, ಸ್ಕೂಟರಿನ ಮೇಲಿದ್ದ ರಮ್ಯಳ ಪಕ್ಕದಿಂದ ಹಾದು ರಸ್ತೆಗೆ ಇಳಿದ.

“ಸಂಪತ್? ರೀ, ಏನಾದ್ರೂ ಹೇಳಿ. ಸಂಪತ್!”

ಅವನು ತಿರುಗಲಿಲ್ಲ. ಕತ್ತಲಾಗುವ ಮೊದಲು ಬಿಳಿ ಕುದುರೆಯ ಮಂಡಿಗೆ ಬಿಸಿನೀರಿನ ಬಟ್ಟೆ ಕಟ್ಟುವುದಿತ್ತು, ಅದಕ್ಕೆ ವಾಪಸ್ಸು ಬರಲೇಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಆದರೂ ನಡೆದ. ಉಲ್ಲಾಳದ ಕಡೆಯಿಂದ ಬರುತ್ತಿದ್ದ ಗಾಡಿಗಳು ಹಾರನ್ ಮಾಡುತ್ತ ಅವನನ್ನು ರಸ್ತೆಯ ಅಂಚಿಗೆ ತಳ್ಳಿದವು, ಅವನು ಅಂಚಿನಲ್ಲೇ ನಡೆಯುತ್ತ ಹೋದ.